ರುದ್ರವ್ವನ ವ್ಯಾನು, ಮಹತಿಯ ಉಡಿ

ಇನ್ನೂ ಬೆಳಕು ಹರಿದಿಲ್ಲ. ಮೆಲ್ಬರ್ನಿನ ಸಗಟು ತರಕಾರಿ ಮಾರುಕಟ್ಟೆಯಲ್ಲಿ ಚಳಿಗೆ ಮಾತಾಡಿದವರ ಬಾಯಿಂದೆಲ್ಲ ಹೊಗೆ ಹೊರಡುತ್ತಿದೆ. ಬಿಳಿ ವ್ಯಾನೊಂದರ ಹಿಂಬಾಗಿಲ ಬಳಿ, ಕಣ್ಣು ಕುಕ್ಕುವ ಹಳದಿ ಜಾಕೆಟ್ಟು ತೊಟ್ಟ ಹೆಂಗಸೊಬ್ಬರು ಟೊಮೆಟೊ ಕ್ರೇಟಿನೊಳಗೆ ಮೊಣಕೈವರೆಗೆ ಕೈ ಇಳಿಸಿ ತಳದ ಹಣ್ಣು ಒತ್ತಿ ನೋಡುತ್ತಿದ್ದಾರೆ. ಜಾಕೆಟ್ಟಿನ ತೋಳಿನಿಂದ ಹಸಿರು ಗಾಜಿನ ಬಳೆಗಳು ಇಣುಕುತ್ತವೆ. ಮೇಲಿನ ಹಣ್ಣುಗಳು ಕೆಂಪಗಿವೆ, ತಳದವು ಕೊಳೆತಿವೆ. ಕ್ರೇಟು ವಾಪಸ್ಸು ಹೋಗುತ್ತದೆ. ಪುಕ್ಕಟೆ ಕೊಡುವ ಮಾಲಿಗೂ ಇಷ್ಟು ಪರೀಕ್ಷೆಯೇ ಎಂದು ವ್ಯಾಪಾರಿ ಗೊಣಗುತ್ತಾನೆ.

“ಗೊಣಗಲಿ ಬಿಡ್ರಿ. ನಮ್ಮ ಮನೀಗೆ ಒಯ್ಯಂಗಿಲ್ಲ ಅನ್ನೋದನ್ನ ಮತ್ತೊಬ್ಬರಿಗೆ ಹೆಂಗ ಕೊಡಾಕ ಬರ್ತೈತಿ? ಪುಕ್ಕಟೆ ಇಸ್ಕೊಳ್ಳೋರ ನಾಲಿಗೀಗೂ ರುಚಿ ಗೊತ್ತಾಗ್ತೈತ್ರಿ,” ಎನ್ನುತ್ತಾರೆ ರುದ್ರವ್ವ.

ಬೈಲಹೊಂಗಲದ ಈ ಐವತ್ನಾಲ್ಕರ ಹೆಂಗಸು ಆಹಾರ ನೆರವಿನ ಸಂಸ್ಥೆಯೊಂದರ ವ್ಯಾನ್ ಚಾಲಕಿ. ಪತಿ ಗುರುಶಾಂತಪ್ಪ ವೆಲ್ಡರ್ ಆಗಿ ಇಲ್ಲಿಗೆ ಬಂದಾಗ ಜೊತೆಗೆ ಬಂದವರಿಗೆ ಆಗ ಸೈಕಲ್ಲೂ ಹೊಡೆಯಲು ಬರುತ್ತಿರಲಿಲ್ಲ. ಈಗ ಹೆದ್ದಾರಿಯಲ್ಲಿ ಲಾರಿಯವರಿಗೇ ದಾರಿ ಬಿಡದೆ ಊರಂಚಿನ ವೆರಿಬೀ ಬಡಾವಣೆ ಮುಟ್ಟುತ್ತಾರೆ. ಅಲ್ಲಿನ ಸಮುದಾಯ ಭವನದ ಬಾಗಿಲಲ್ಲಿ ಅಷ್ಟೊತ್ತಿಗೆ ಚೀಲ ಹಿಡಿದವರ ಸಾಲು ನಿಂತಿರುತ್ತದೆ. ವಾರಕ್ಕೆ ಇನ್ನೂರು ಮನೆಗಳಿಗಾದರೂ ಇಲ್ಲಿಂದ ದಿನಸಿ ಹೋಗುತ್ತದೆ. ಕೆಲಸ ಇರುವವರೂ ಆ ಸಾಲಿನಲ್ಲಿದ್ದಾರೆ. ರೆಂಟ್ ಕಟ್ಟಿದ ಮೇಲೆ ಅವರ ಕೈಯಲ್ಲಿ ಏನೂ ಉಳಿಯುವುದಿಲ್ಲ.

ಮಂಗಳವಾರ ವ್ಯಾನು ದಾನದ ದಿನಸಿ ತರಲು ಊರಿನ ಇನ್ನೊಂದು ತುದಿಗೆ, ಗ್ಲೆನ್ ವೇವರ್ಲಿಗೆ ಹೋಗುತ್ತದೆ. ಒಳ್ಳೆಯ ಶಾಲೆಗಳ ಆಸೆಗೆ ಜನ ಮುಗಿಬಿದ್ದು ಮನೆ ಕೊಳ್ಳುವ ಸಬರ್ಬ್ ಅದು. ದಾನದ ಡಬ್ಬಿಗಳನ್ನು ಎತ್ತಿಕೊಡುತ್ತ ಬೆಂಗಳೂರಿನ ಎಂಜಿನಿಯರ್ ಅಮೃತ್ ಒಮ್ಮೆ ಕೇಳಿಯೇಬಿಟ್ಟರಂತೆ: “ಆಂಟಿ, ಆಸ್ಟ್ರೇಲಿಯಾದಲ್ಲಿ ಯಾರು ಹಸ್ಕೊಂಡಿರ್ತಾರೆ? ಗವರ್ನಮೆಂಟ್ ಎಲ್ರಿಗೂ ಸಪೋರ್ಟ್ ಮಾಡುತ್ತಲ್ಲ?”

ಕೊಡುತ್ತದೆ, ನಿಜ. ಕೆಲಸ ಹೋದವರಿಗೆ, ಕಾಯಿಲೆಯವರಿಗೆ, ವಯಸ್ಸಾದವರಿಗೆ ಈ ದೇಶ ಧಾರಾಳವಾಗಿಯೇ ಖರ್ಚು ಮಾಡುತ್ತದೆ. ಆದರೆ ಕೊಡುವ ಮುನ್ನ ವೀಸಾ ನೋಡುತ್ತದೆ. ತಾತ್ಕಾಲಿಕ ವೀಸಾದವರು ತೆರಿಗೆ ಕಟ್ಟಿದರೂ ಈ ನೆರವಿನ ಬಹುಪಾಲು ಅವರಿಗಿಲ್ಲ. ಪಿಆರ್, ಅಂದರೆ ಕಾಯಂ ವಾಸದ ಹಕ್ಕು, ಸಿಕ್ಕವರೂ ಹಲವು ಭತ್ಯೆಗಳಿಗೆ ವರ್ಷಗಟ್ಟಲೆ ಕಾಯಬೇಕು. ಗುರುಶಾಂತಪ್ಪನವರು ಬೆನ್ನು ನೋವಿನಿಂದ ಹಾಸಿಗೆ ಹಿಡಿದಾಗ ಅವರಿಗೆ ಪೌರತ್ವ ಸಿಕ್ಕಾಗಿತ್ತು. ಆಸ್ಪತ್ರೆಯ ಖರ್ಚನ್ನು ಸರ್ಕಾರ ನೋಡಿಕೊಂಡಿತು, ಮನೆಗೆ ಭತ್ಯೆಯೂ ಬಂತು.

“ತಗೊಂಡ್ವಿ, ಯಾಕ ಸುಳ್ಳು ಹೇಳ್ಲಿ? ನಾಚಿಕಿ ಆತು, ಆದ್ರ ಉಳ್ಕೊಂಡ್ವಿ. ಅದಕ್ಕ ಸಾಲಿನ್ಯಾಗ ನಿಂತೋರ್ನ ನೋಡಿದ್ರ ನನಗ ಹೊಟ್ಟಿ ಚುರ್ ಅಂತೈತ್ರಿ.”

ಇಷ್ಟೆಲ್ಲ ತಿಳಿದವರೇ ಕಳೆದ ಚಳಿಗಾಲದಲ್ಲಿ ಒಂದು ಎಡವಟ್ಟು ಮಾಡಿದರು. ಸಾಲಿನಲ್ಲಿ ಹೊಸ ಹುಡುಗಿಯೊಬ್ಬಳು ಫೋನಿನಲ್ಲಿ ಮೆಲ್ಲಗೆ ಕನ್ನಡ ಮಾತಾಡುತ್ತಿದ್ದಳು. ಕನ್ನಡ ಕಿವಿಗೆ ಬಿದ್ದದ್ದೇ ತಡ, ರುದ್ರವ್ವ ಕ್ಯಾರೆಟ್ ಚೀಲ ಅಲ್ಲೇ ಬಿಟ್ಟು ಭವನವೆಲ್ಲ ಕೇಳುವಂತೆ ಕೂಗಿದರು: “ಏ ತಂಗಿ, ನಮ್ಮಾಕೀನ! ಯಾವೂರವಾ? ಯಾರ ಪೈಕಿ?” ಊರಲ್ಲಾಗಿದ್ದರೆ ಅಕ್ಕರೆಯ ಮಾತೇ. ಇಲ್ಲಿ ಹುಡುಗಿಯ ಮುಖ ಬಿಳಿಚಿಕೊಂಡಿತು. ಖಾಲಿ ಚೀಲ ಮಡಚಿ ಬಾಗಿಲು ದಾಟಿದವಳು ಮುಂದಿನ ವಾರ ಬರಲಿಲ್ಲ. ಅದರ ಮುಂದಿನ ವಾರವೂ ಬರಲಿಲ್ಲ.

“ಒಂದು ಊರು ಕೇಳಿ ಆಕೀ ಎಷ್ಟೋ ವಾರದ ಕೂಳು ಕಸ್ಕೊಂಡೆ,” ಎನ್ನುವಾಗ ರುದ್ರವ್ವನವರ ದನಿ ಈಗಲೂ ಇಳಿಯುತ್ತದೆ.

ಆಕೆ ಮೈಸೂರಿನ ಮಹತಿ. ಹೆಸರು ಬರೆಯಲು ಅವಳೇ ಒಪ್ಪಿದ್ದಾಳೆ. ಗಂಡ ವಿಶ್ರುತ್ ಕೆಲಸಕ್ಕಿದ್ದ ಸಣ್ಣ ಕಂಪನಿ ಮುಚ್ಚಿತ್ತು. ವೀಸಾ ತಾತ್ಕಾಲಿಕದ್ದು. ಅವನು ಊಟ ತಲುಪಿಸುವ ಕೆಲಸ ಹಿಡಿದು ರಾತ್ರಿ ಹಗಲು ಓಡಾಡಿದರೂ ರೆಂಟ್ ತೀರಿದರೆ ಸಾಕಾಗಿತ್ತು. ಸಾಲಿನಲ್ಲಿ ನಿಂತ ಸುದ್ದಿ ಕನ್ನಡದವರ ಬಾಯಿಂದ ಬಾಯಿಗೆ ಹೋಗಿ ಅಮ್ಮನ ಕಿವಿಗೆ ಬಿದ್ದರೆ ಏನು ಗತಿ ಎಂಬ ದಿಗಿಲು ಅವಳದು. “ಗಂಡನಿಗೆ ನಂದು ಊಟ ಆಯ್ತು ಅಂತ ಹೇಳಿ ಬರೀ ಬ್ರೆಡ್ ತಿಂದು ಮಲಗ್ತಿದ್ದೆ,” ಎನ್ನುತ್ತಾಳೆ.

ರುದ್ರವ್ವನಿಗೆ ಅವಳು ಮತ್ತೆ ಕಂಡದ್ದು ಕೆಲವು ತಿಂಗಳ ಬಳಿಕ, ವೆರಿಬೀ ಸ್ಟೇಷನ್ನಿನ ಬಸ್ ನಿಲ್ದಾಣದಲ್ಲಿ. ಮುಖ ಬಾಡಿತ್ತು, ಹೊಟ್ಟೆ ಮುಂದೆ ಬಂದಿತ್ತು. ಈ ಸಲ ರುದ್ರವ್ವ ಊರು ಕೇಳಲಿಲ್ಲ. ಪಕ್ಕದಲ್ಲಿ ಕುಳಿತು ಎಷ್ಟು ತಿಂಗಳೆಂದು ಕೇಳಿದರು. ಏಳು ಎಂದಳು.

“ಶುಕ್ರವಾರ ನಮ್ಮ ಮನೀಗೆ ಬಾರವಾ. ಉಡಿ ತುಂಬತೀನಿ.”

“ಬೇಡ ಆಂಟಿ, ನಿಮಗ್ಯಾಕೆ ತೊಂದ್ರೆ?”

“ಉಡಿ ಬ್ಯಾಡ ಅನ್ನಬಾರದು. ನಿಮ್ಮವ್ವ ಇಲ್ಲಿದ್ರ ಬಿಡ್ತಿದ್ಳೇನು?”

ಮೈಸೂರಿನವರು ಮಡಿಲು ತುಂಬುವುದು ಎನ್ನುತ್ತಾರೆ, ಬೈಲಹೊಂಗಲದವರಿಗೆ ಅದು ಉಡಿ. ಅರಿಸಿನ ಕುಂಕುಮದ ಜೊತೆ ಅಕ್ಕಿ, ಕಾಯಿ, ಕುಬಸದ ಖಣ ಎನ್ನುವ ರವಿಕೆ ಬಟ್ಟೆಯನ್ನು ಹೆಣ್ಣುಮಗಳ ಸೆರಗಿಗೆ ಹಾಕಿ ಹರಸುವುದು. ಉಡಿಯನ್ನು ಯಾರೂ ದಾನವೆನ್ನುವುದಿಲ್ಲ, ಸೆರಗೊಡ್ಡಿದವಳನ್ನು ಬಡವಿ ಎನ್ನುವುದೂ ಇಲ್ಲ. ಸಿರಿವಂತರ ಮಗಳೂ ಸೆರಗೊಡ್ಡಲೇಬೇಕು.

ಶುಕ್ರವಾರ ಮಹತಿ ಬಂದಳು. ಸೀರೆ ಉಟ್ಟಿರಲಿಲ್ಲ, ದುಪಟ್ಟಾ ಒಡ್ಡಿದಳು. ಸೆರಗಿಗೆ ಐದು ಹಿಡಿ ಅಕ್ಕಿ ಸಾಕು, ರುದ್ರವ್ವನ ಉಡಿ ಮಾತ್ರ ಅಲ್ಲಿಗೆ ಮುಗಿಯುವಂಥದ್ದಲ್ಲ. ಅಕ್ಕಿಯ ಮೂಟೆಯೇ ಬಂತು, ತೊಗರಿಬೇಳೆ, ಬೆಲ್ಲ, ತುಪ್ಪ ಬಂದವು. ಸಂಸ್ಥೆಗೆ ಹೇಳಿ ತಂದ ವ್ಯಾನಿನ ತರಕಾರಿಯೂ ಬಂತು. ಹೊತ್ತು ಮುಟ್ಟಿಸಲು ಗುರುಶಾಂತಪ್ಪ ಬೆನ್ನಿಗೆ ಪಟ್ಟಿ ಬಿಗಿದುಕೊಂಡು ಸಿದ್ಧರಾಗಿ ನಿಂತಿದ್ದರು. ಹೆಂಡತಿ ಬೈದು ಕೂರಿಸಿದರು. ಹುಡುಗಿ ಅತ್ತಳು, ಆಮೇಲೆ ಎರಡು ಸಲ ಬಡಿಸಿಕೊಂಡು ಉಂಡಳು. ಹೆರಿಗೆಯವರೆಗೆ ಒಂದು ಶುಕ್ರವಾರವೂ ತಪ್ಪಿಸಲಿಲ್ಲ. ಈಗ ಮಗುವಿಗೆ ಮೂರು ತಿಂಗಳು. ವಿಶ್ರುತ್‌ಗೆ ಗೋದಾಮೊಂದರಲ್ಲಿ ಖಾಯಂ ಶಿಫ್ಟ್ ಸಿಕ್ಕಿದೆ.

ಇಷ್ಟು ಮಾಡಿದಿರಲ್ಲ ಎಂದರೆ ರುದ್ರವ್ವನಿಗೆ ಸಿಟ್ಟೇ ಬರುತ್ತದೆ. ಮೊದಲ ಶುಕ್ರವಾರ ಹೊರಟು ನಿಂತಾಗ ಮಹತಿ, ಯಾರೂ ಹೇಳಿಕೊಡದೆ, ದುಪಟ್ಟಾದಿಂದ ಒಂದು ಹಿಡಿ ಅಕ್ಕಿ ತೆಗೆದು ಆ ಮನೆಯ ತಟ್ಟೆಗೆ ಹಾಕಿದ್ದಳು. ತಾಯಿ ಕಲಿಸಿದ ರೂಢಿ: ಮಡಿಲು ತುಂಬಿಸಿಕೊಂಡವಳು ಕೊಟ್ಟ ಮನೆ ಬರಿದಾಗದಿರಲೆಂದು ಸ್ವಲ್ಪ ಬಿಟ್ಟುಹೋಗಬೇಕು.

“ಅದೂ ನಾನ ಕೊಟ್ಟಿದ್ದ ಅಕ್ಕಿ ಅಲ್ಲೇನು ಅಂತೀರಿ. ಉಡ್ಯಾಗ ಬಿದ್ದ ಮ್ಯಾಲೆ ಅದು ಆಕೀದು ಆತ್ರಿ,” ಎನ್ನುತ್ತ ರುದ್ರವ್ವ ವ್ಯಾನಿನ ಬಾಗಿಲು ಎಳೆದುಕೊಳ್ಳುತ್ತಾರೆ. “ನಾ ಉಣಿಸಿದೆ ಅಂತ ಬರೀಬ್ಯಾಡ್ರಿ. ಆವತ್ತು ರಾತ್ರಿ ಗಂಡ ಹೆಂಡ್ತಿ ಇಬ್ರೂ ಆಕಿ ಕೊಟ್ಟ ಅಕ್ಕಿ ಅನ್ನಾ ಉಂಡ್ವಿ. ಹಂಗಂತ ಬರೀರಿ.”