ಕಠಿಣ ಗಣಿತಕ್ಕೆ ನಾನು ಆಯ್ಕೆಯಾದದ್ದು

ಮೊಮ್ಮಗಳ ಹೊಸ ಬೀಜಗಣಿತ ಪುಸ್ತಕದ ವಾಸನೆ ಮೂಗಿಗೆ ಬಡಿದದ್ದೇ ಸುಳ್ಯದ ಹೈಸ್ಕೂಲು ನೆನಪಾಯಿತು.

ಎಂಟರವರೆಗೆ ಎಲ್ಲರಿಗೂ ಒಂದೇ ಗಣಿತ. ಒಂಬತ್ತರಿಂದ ಜಾಣರಿಗೆ ಕಠಿಣದ್ದು, ಉಳಿದವರಿಗೆ ಸಾಮಾನ್ಯದ್ದು. ಆಯ್ಕೆಯ ಪರೀಕ್ಷೆಯಲ್ಲಿ ನಾನು ಪಕ್ಕದಲ್ಲಿದ್ದ ಗೆಳತಿ ನೆಬೀಸಾಳದ್ದನ್ನು ನೋಡಿ ಬರೆದೆ.

"ಇಬ್ಬರದ್ದೂ ಒಂದೇ ತಪ್ಪು ಉಂಟಲ್ಲ, ಕದ್ದದ್ದು ಯಾರು?" ಮೂಗುಪುಡಿ ಏರಿಸುತ್ತಾ ಮಾಸ್ಟ್ರು ಕೇಳಿದರು.

"ನಾನಲ್ಲ ಸರ್" ಎಂದು ನೆಬೀಸಾ ನನ್ನತ್ತ ನೋಡಿದಳು. ನಾನು ತಲೆ ತಗ್ಗಿಸಿದೆ. ಊರ ಪಟೇಲರ ಮಗಳಾದ ನಾನು ಕದಿಯಲಾರೆನೆಂದು ನಂಬಿದ ಮಾಸ್ಟ್ರು ನೆಬೀಸಾಳನ್ನೇ ಸಾಮಾನ್ಯ ಗಣಿತಕ್ಕೆ ಹಾಕಿದರು.

ನಾನು ಗಣಿತ ಕಲಿಸುತ್ತಲೇ ನಿವೃತ್ತಳಾದೆ. ಮೊನ್ನೆ ಜಾಲ್ಸೂರಿನ ಬಸ್ಸಿನಲ್ಲಿ ಸಿಕ್ಕಿದ ನೆಬೀಸಾ, "ನೀನು ಲೆಕ್ಕದ ಟೀಚರ್ ಆದದ್ದು ಕೇಳಿ ಖುಷಿ ಆಯ್ತು ಮಾರಾಯ್ತಿ" ಎಂದು ಕೈ ಹಿಡಿದಳು. ಇಳಿಯುವವರೆಗೂ ನನಗೆ ಕ್ಷಮೆ ಕೇಳಲಾಗಲಿಲ್ಲ.