ವ್ಯತ್ಯಾಸವಿಲ್ಲವೆಂದು ಗುರುತು ಹಾಕಿದ ಶನಿವಾರ

ತಿಂಗಳ ಮೊದಲ ಶನಿವಾರ ಮಣಿನಗರದಲ್ಲಿ ಬೆಳಗಿನ ರೈಲು ಹತ್ತುವುದು, ವಡೋದರಾದಲ್ಲಿಳಿದು ಒಂದು ಶಾಖೆಯ ಕೆಲಸ ಮುಗಿಸುವುದು, ಮಧ್ಯಾಹ್ನ ಸೂರತ್ತಿನ ವರಾಛಾ ಶಾಖೆಗೆ ಹೋಗುವುದು. ಅಹಮದಾಬಾದಿನ ವಿಮಾ ಕಚೇರಿಯೊಂದರಲ್ಲಿ ಹಲವು ವರ್ಷ ಇದು ನನ್ನ ಕೆಲಸವಾಗಿತ್ತು. ಶಾಖೆಗಳ ಹಳೆಯ ಯಂತ್ರಗಳನ್ನು ಅಹಮದಾಬಾದಿನಿಂದಲೇ ನಿರ್ವಹಿಸಲು ಅನುಮತಿಯಿರಲಿಲ್ಲ. ಹೊಸವನ್ನು ಕೊಡಿಸಿ ಎಂದು ಬರೆದ ಪತ್ರಗಳಿಗೆ ಉತ್ತರವಿರಲಿಲ್ಲ.

ಶಾಖೆಯ ಕಂಪ್ಯೂಟರುಗಳನ್ನೆಲ್ಲ ಜೋಡಿಸುವ ಪೆಟ್ಟಿಗೆಗೆ ಸ್ವಿಚ್ ಎನ್ನುತ್ತೇವೆ. ಯಾವ ತಂತಿ ಯಾವ ಕೌಂಟರಿನದು ಎಂಬ ಸೂಚನೆಗಳು ಅದರೊಳಗೆ ಎರಡು ಫೈಲುಗಳಲ್ಲಿರುತ್ತವೆ: ಒಂದು ಈ ಗಳಿಗೆಯಲ್ಲಿ ಓಡುತ್ತಿರುವುದು, ಇನ್ನೊಂದು ಉಳಿಸಿಟ್ಟದ್ದು. ಕರೆಂಟು ಹೋದರೆ ಓಡುತ್ತಿದ್ದದ್ದು ಅಳಿಯುತ್ತದೆ. ಮರಳಿ ಬಂದಾಗ ಉಳಿಸಿಟ್ಟದ್ದೇ ಜಾರಿಗೆ ಬರುತ್ತದೆ. ನಿಯಮದಂತೆ ನಾವು ನಕಲು ಮಾಡಿಡಬೇಕಾದದ್ದು ಓಡುತ್ತಿರುವುದನ್ನು. ಆದರೆ ಅದರಲ್ಲಿ ಕಳೆದ ತಿಂಗಳಿಗಿಂತ ಒಂದು ಸಾಲು ಬೇರೆಯಾಗಿದ್ದರೂ ಎರಡು ಪುಟದ ವಿವರಣೆ ಬರೆಯಬೇಕು. ಆದ್ದರಿಂದ ನಮ್ಮ ವಿಭಾಗದವರೆಲ್ಲ ಉಳಿಸಿಟ್ಟ ಫೈಲನ್ನೇ ನಕಲು ಮಾಡಿ ‘ವ್ಯತ್ಯಾಸವಿಲ್ಲ’ ಎಂದು ಗುರುತು ಹಾಕುತ್ತಿದ್ದೆವು. ಇತರರ ತಪ್ಪುಗಳ ಬಗ್ಗೆ ಆಡಳಿತಕ್ಕೆ ಸತತವಾಗಿ ಬರೆಯುತ್ತಿದ್ದ ನಾನೂ ಹಾಗೆಯೇ ಮಾಡುತ್ತಿದ್ದೆ.

ವರಾಛಾದ ಪೆಟ್ಟಿಗೆಯನ್ನು ನೋಡಿಕೊಳ್ಳುತ್ತಿದ್ದವರು ಐವತ್ತು ದಾಟಿದ ಗುತ್ತಿಗೆ ತಂತ್ರಜ್ಞರೊಬ್ಬರು. ಕುಂದಾಪುರದ ಕಡೆಯಿಂದ ಬಂದು ಹೋಟೆಲು ತೆರೆದ ಮನೆತನದವರು, ಬೆಳೆದದ್ದೆಲ್ಲ ಸೂರತ್ತಿನಲ್ಲೇ. ಒಮ್ಮೆ ಎರಡು ಕೌಂಟರುಗಳ ಜಾಗ ಬದಲಾಯಿತು. ಹೊಸ ಸೂಚನೆಗಳನ್ನು ನಾನು ಫೋನಿನಲ್ಲಿ ಹೇಳಿದೆ, ಅವರು ಹಾಕಿದರು. ‘ಈಗಲೇ ಸೇವ್ ಮಾಡಬೇಡಿ, ಎರಡು ದಿನ ನೋಡೋಣ, ನಾನೇ ಬಂದು ಮಾಡುತ್ತೇನೆ’ ಎಂದೆ. ಎರಡು ದಿನ ಕಳೆದು ಬಂದ ಮೊದಲ ಶನಿವಾರ ಅದೇ ಪೆಟ್ಟಿಗೆಯ ಮುಂದೆ ಕುಳಿತೆ, ಎಂದಿನಂತೆ ಹಳೆಯ ಫೈಲನ್ನು ನಕಲು ಮಾಡಿದೆ, ವ್ಯತ್ಯಾಸವಿಲ್ಲವೆಂದು ಗುರುತು ಹಾಕಿ ರೈಲು ಹತ್ತಿದೆ. ಸೇವ್ ಮಾಡುವುದು ಮರೆತುಹೋಗಿತ್ತು.

ಮುಂದಿನ ವಾರ ಬ್ಯಾಟರಿ ಬದಲಿಸಲು ಕರೆಂಟು ತೆಗೆದರು. ಮರಳಿ ಬಂದಾಗ ಹಳೆಯ ಸೂಚನೆಗಳೇ ಜಾರಿಗೆ ಬಂದು, ಜಾಗ ಬದಲಾದ ಎರಡೂ ಕೌಂಟರುಗಳು ಸತ್ತವು. ವಜ್ರ ಉಜ್ಜುವ ಕಾರ್ಖಾನೆಗಳಿಂದ ರಜೆ ಹಾಕಿ ಬಂದ ಜನ ಮಧ್ಯಾಹ್ನದವರೆಗೆ ನಿಂತೇ ಕಾದರು. ಅವರಿಗೆ ಕೂರಲು ಬೆಂಚೂ ಇರಲಿಲ್ಲ. ಸಂಜೆ ಆ ತಂತ್ರಜ್ಞರ ಫೋನು ಬಂತು.

“ಮೇಡಂ, ಸೋಮವಾರದಿಂದ ಬರುದು ಬೇಡ ಅಂದ್ರು ನಂಗೆ. ಸೇವ್ ಯಾಕೆ ಮಾಡ್ಲಿಲ್ಲ ಅಂತ.”

“ನಾನು ಬೇಡ ಅಂದಿದ್ದೆ ಅಂತ ಹೇಳ್ಬೇಕಿತ್ತಲ್ರೀ!”

“ಹೇಳಿ ಎಂತ ಮಾಡುದು ಮಾರಾಯ್ರೆ? ಕಾಂಟ್ರಾಕ್ಟಿನವಂದು ಕೌನ್ ಸುನ್ತಾ ಹೈ?”

ನಡೆದದ್ದನ್ನೆಲ್ಲ ಬರೆದು, ನಕಲು ಮಾಡಿದ ಫೈಲನ್ನೂ ಲಗತ್ತಿಸಿ, ಅಹಮದಾಬಾದಿನ ಸ್ಯಾಟಲೈಟ್ ಬಡಾವಣೆಯ ಕಚೇರಿಯಲ್ಲಿ ನಮ್ಮ ವ್ಯವಸ್ಥಾಪಕರ ಮೇಜಿನ ಮೇಲಿಟ್ಟೆ. ಅವರು ಧಾರವಾಡದಿಂದ ವರ್ಗವಾಗಿ ಬಂದವರು, ನಮ್ಮೂರ ಕಡೆಯವರೇ. ಓದಿ ಕನ್ನಡಕ ತೆಗೆದರು.

“ಅಲ್ರೀ, ಇಷ್ಟು ದಿನ ನಮ್ಮ ಮ್ಯಾಲ ಬರೀತಿದ್ರಿ. ಈಗ ಯಾರೂ ಸಿಗಲಿಲ್ಲಂತ ನಿಮ್ಮ ಮ್ಯಾಲ ನೀವ ಬರಕೊಂಡ್ರ್ಯಾ?”

“ಅವರನ್ನ ವಾಪಸ್ ತಗೋರಿ ಸರ್. ತಪ್ಪು ನಂದು.”

“ನಿಮಗೊಂದು ಮೆಮೊ ಬರ್ತದ, ಫೈಲಿಗೆ ಹೋಗ್ತದ, ಮುಗೀತು. ಅಂವಗ ಹೊಸಾ ಗುತ್ತಿಗಿ ಮಾಡಬೇಕಾಗ್ತದ. ಹಳೇದು ರದ್ದಾಗ್ಯದ.”

ಒಂದೇ ತಪ್ಪಿಗೆ ಕಾಯಂ ನೌಕರಳಿಗೆ ಒಂದು ಹಾಳೆ, ಗುತ್ತಿಗೆಯವರಿಗೆ ಬಾಗಿಲು. ಅವರು ಮರಳಿ ಬಂದರು, ನಿಜ. ಆದರೆ ಹೊಸ ಗುತ್ತಿಗೆಯಲ್ಲಿ ಅವರ ಹಿಂದಿನ ಹನ್ನೊಂದು ವರ್ಷಗಳ ಸೇವೆ ಲೆಕ್ಕಕ್ಕೇ ಇರಲಿಲ್ಲ. ಆ ಅನ್ಯಾಯಕ್ಕೆ ನನ್ನ ಮರೆವೇ ದಾರಿ ಮಾಡಿಕೊಟ್ಟಿತ್ತು. ಮುಂದಿನ ತಿಂಗಳ ಮೊದಲ ಶನಿವಾರ ವರಾಛಾದಲ್ಲಿ ಓಡುತ್ತಿದ್ದ ಫೈಲನ್ನು ನಕಲು ಮಾಡಿ, ಎರಡು ಪುಟದ ವಿವರಣೆಯನ್ನೂ ತುಂಬಿದೆ. ಆಮೇಲೆ, ಆ ಹನ್ನೊಂದು ವರ್ಷಗಳಿಗಾಗಿ ಕಾರ್ಮಿಕ ಇಲಾಖೆಗೆ ಬರೆಯುತ್ತೇನೆಂದು ಅವರಿಗೆ ಹೇಳಿದೆ.

“ಬೇಡ ಮೇಡಂ,” ಎಂದರು. “ನೀವು ಬರೆದ್ರೆ ನಿಮ್ಗೆ ಮೆಮೊ, ನಂಗೆ ಮನೆ ದಾರಿ. ಈಗ ಕೆಲಸ ಉಂಟಲ್ಲ, ಬಿಟ್ಬಿಡಿ.”

ಬರೆಯಲಿಲ್ಲ. ಅವರ ಮಾತಿಗೆ ಬೆಲೆ ಕೊಟ್ಟು ಸುಮ್ಮನಾದೆನೆಂದು ಹೇಳಿಕೊಳ್ಳಬಹುದು. ಅಂದು ಅವರು ಬೇಡವೆಂದಾಗ ನನಗೆ ಹಗುರವಾಗಿತ್ತು ಎಂಬುದೂ ಅಷ್ಟೇ ನಿಜ.