ಹೆಸರಿಲ್ಲದ ಕಲ್ಲಿಗೆ ಎಡೆ

ಗೋವಾದ ವೆರ್ಣಾದಲ್ಲಿದ್ದ ನಮ್ಮ ಕಾರ್ಖಾನೆಯ ಫಿಟ್ಟರ್ ಕಾಕಾ ನಮಸ್ಕಾರಕ್ಕೆ ಮರುನಮಸ್ಕಾರ ಮಾಡಿದ್ದು ನಾನು ಕಾಣೆ. "ಉಂಡ್ರೇನ್ರಿ?" ಎಂದೇ ಕೇಳುತ್ತಿದ್ದರು. ಕಂಪನಿ ಬಸ್ಸಿನಲ್ಲಿ ಯಾರಾದರೂ ಇಲ್ಲ ಅಂದರೆ ಸಾಕು, ಚೀಲದಿಂದ ಖಡಕ್ ರೊಟ್ಟಿ ತೆಗೆದು ಮುರಿದು ಕೊಡುತ್ತಿದ್ದರು.

ಹೊಸ ಯಂತ್ರದ ಕೆಲಸ ಕಲಿಯಲು ನಮ್ಮಿಬ್ಬರನ್ನು ಬೆಲ್ಜಿಯಂಗೆ ಕಳಿಸಿದಾಗ, ಒಂದು ಭಾನುವಾರ ಈಪ್ರ್ ಎಂಬ ಹಳೆಯ ಸಣ್ಣ ಊರಿಗೆ ಹೋದೆವು. ಮೊದಲ ಮಹಾಯುದ್ಧದಲ್ಲಿ ಸತ್ತವರ ಸಮಾಧಿಗಳು ಅಲ್ಲಿ ಸಾಲುಸಾಲು. ಒಂದು ಕಲ್ಲಿನ ಮೇಲೆ ಹೆಸರೇ ಇರಲಿಲ್ಲ. ಹಿಂದೂಸ್ತಾನದ ಸಿಪಾಯಿ ಎಂದಷ್ಟೇ ಇತ್ತು. ನಾನು ಓದಿ ಹೇಳಿದ್ದೇ ತಡ, ಕಾಕಾ ಬೂಟು ಕಳಚಿ, ಕರವಸ್ತ್ರ ಹಾಸಿ, ರೊಟ್ಟಿ, ಶೇಂಗಾ ಹಿಂಡಿ ಅನ್ನುವ ಖಾರದ ಚಟ್ನಿಪುಡಿ ಎಡೆ ಇಟ್ಟು ಕೈಮುಗಿದರು.

ಅಲ್ಲಿನ ತೋಟ ನೋಡಿಕೊಳ್ಳುವ ಹೆಂಗಸು ತಿಂಡಿ ಇಡಬಾರದೆಂದು ಕೈಯಾಡಿಸುತ್ತ ಬಂದಳು. ಕಾಕಾ ಎಡೆ ಎತ್ತಿ, ಅರ್ಧ ರೊಟ್ಟಿಗೆ ಹಿಂಡಿ ಹಚ್ಚಿ ಆಕೆಯ ಕೈಗೇ ಇಟ್ಟರು. "ತಗೋರಿ, ಪ್ರಸಾದ." ಆಕೆ ಕಡಿದಳು, ಖಾರಕ್ಕೆ ಕಣ್ಣಲ್ಲಿ ನೀರು ಬಂತು.

"ಯಾರೋ ಏನೋ, ಅಂವಗ್ಯಾಕ್ರಿ ಕಾಕಾ ಎಡಿ?" ಎಂದೆ.

"ನಮ್ಮಂಗ ಊರು ಬಿಟ್ಟು ದುಡಿಯಾಕ ಬಂದಾಂವ ಅಲ್ರಿ? ಉಂಡ್ಯೇನಪಾ ಅಂತ ಯಾರರ ಒಬ್ರು ಕೇಳಬೇಕೋ ಬ್ಯಾಡೋ?"